ದೋ ಡಂಡಾ ಸಾರ್

ನಮ್ಮ ಶಾಲೆಯ ಹಳೆಯ ವಾಟ್ಸಾಪ್ ಗುಂಪಿನಲ್ಲಿ ಆ ದಿನ ಬೆಳಗ್ಗೆಯಿಂದ ಕೈಮುಗಿದ ಚಿತ್ರಗಳೇ ಬಂದು ಬೀಳುತ್ತಿದ್ದವು. ‘ದೋ ಡಂಡಾ ಸಾರ್ ಇನ್ನಿಲ್ಲ’ ಎಂದು ಯಾರೋ ಹಳೆಯ ವಿದ್ಯಾರ್ಥಿ ಹಾಕಿದ್ದ. ಅದರ ಕೆಳಗೆ ಒಬ್ಬೊಬ್ಬರಾಗಿ ಬಂದು ಹೊಗಳಿ ಹೋಗುತ್ತಿದ್ದರು. ಅವರ ಪಾಠ ಮರೆಯಲಾಗದು, ಅಂಥ ಗುರುಗಳು ಈಗ ಸಿಗುವುದಿಲ್ಲ, ಸತ್ಯ ಹೇಳುವುದನ್ನು ಅವರಿಂದ ಕಲಿತೆ. ಈ ಕೊನೆಯದನ್ನು ಬರೆದವನ ತಾಯಿಯೇ ಒಂದು ಕಾಲಕ್ಕೆ ಪ್ರಿನ್ಸಿಪಾಲರ ಎದುರು ಕೂತು, ಈ ಮೇಷ್ಟರನ್ನು ತೆಗೆಯಿರಿ, ಇಲ್ಲ ನನ್ನ ಮಗನ ಟಿ.ಸಿ. ಕೊಡಿ ಎಂದು ಹಟ ಹಿಡಿದಿದ್ದವಳು. ಮಧ್ಯಾಹ್ನದ ಹೊತ್ತಿಗೆ ನಿವೃತ್ತ ಪ್ರಿನ್ಸಿಪಾಲರೂ ಬಂದು ‘ಅಪ್ಪಟ ರತ್ನ’ ಎಂದು ಬರೆದರು. ಆ ರತ್ನವನ್ನು ಹೊರಗೆಸೆದವರು ತಾವೇ ಎಂಬುದು ಅವರಿಗೆ ಮರೆತಿರಬೇಕು. ವಯಸ್ಸಾಯಿತಲ್ಲ, ಪಾಪ.

ನಾನೂ ಕೈಮುಗಿದ ಚಿತ್ರವನ್ನೇ ಒತ್ತಿದೆ. ಒತ್ತಿ, ಫೋನು ಮಗುಚಿಟ್ಟು, ಅಕ್ಕಿ ತೊಳೆಯಲು ಹೋದೆ. ಬೇರೆಯವರ ಸುಳ್ಳನ್ನು ಎಣಿಸುವ ನನಗೆ ನನ್ನದನ್ನು ಒತ್ತಲು ಅರ್ಧ ಕ್ಷಣವೂ ಬೇಕಾಗಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಹೆಸರೆತ್ತುವ ಯೋಗ್ಯತೆ ನನಗಿಲ್ಲ ಎಂದರೆ ನಾಟಕವೆನಿಸಬಹುದು, ಆದರೆ ವಿಷಯ ಅದೇ. ಸರ್ ಎಂದು ಕರೆಯುತ್ತಿದ್ದೆ, ಹಾಗೆಯೇ ಬರೆಯುತ್ತೇನೆ.

ಕೊಂಡಾಪುರದ ಆ ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುವವರು ಐದು ಜನ ಇದ್ದೆವು. ಅದರಲ್ಲಿ ಕನ್ನಡದವರು ನಾವಿಬ್ಬರೇ. ಸರ್ ವಿಜಯಪುರದ ಕಡೆಯವರು, ಮದುವೆಯಾದ ಹೊಸದರಲ್ಲಿ ಹೈದರಾಬಾದಿಗೆ ಬಂದವರು. ನಾನು ಹುಟ್ಟಿದ್ದೇ ಈ ಊರಿನಲ್ಲಿ; ಅಪ್ಪ ಬಾಗಲಕೋಟೆಯಿಂದ ಬಂದು ಸೀರೆ ವ್ಯಾಪಾರ ಹಿಡಿದವರು. ಸರ್ ಮನೆ ಕುಷಾಯಿಗೂಡದಲ್ಲಿ, ಊರಿನ ಆ ತುದಿ. ಎರಡು ಬಸ್ಸು ಬದಲಿಸಿ ಬರುತ್ತಿದ್ದರು, ಆದರೂ ಲಿಂಗಂಪಲ್ಲಿಯಲ್ಲೇ ಇದ್ದ ನನಗಿಂತ ಮೊದಲು ಬಂದು ಕೂತಿರುತ್ತಿದ್ದರು. ಹೊರಗೆ ತೆಲುಗು, ಮಕ್ಕಳ ಜೊತೆ ಹಿಂದಿ, ಪುಸ್ತಕದಲ್ಲಿ ಇಂಗ್ಲಿಷು. ಸ್ಟಾಫ್ ರೂಮಿನಲ್ಲಿ ಬೇರೆಯವರಿಗೆ ತಿಳಿಯಬಾರದ ಮಾತು ಬಂದರೆ ಮಾತ್ರ ನಾವಿಬ್ಬರೂ ಕನ್ನಡಕ್ಕೆ ಹೊರಳುತ್ತಿದ್ದೆವು. ಅವರ ಕಡೆ ಶಿಕ್ಷಕಿಯನ್ನು ಬಾಯಾರು ಎನ್ನುತ್ತಾರೆ, ನನ್ನನ್ನೂ ಹಾಗೆಯೇ ಕರೆಯುತ್ತಿದ್ದರು. ಪ್ರಿನ್ಸಿಪಾಲರು ತಲೆಗೆ ಹೊಸದಾಗಿ ಬಣ್ಣ ಹಚ್ಚಿಕೊಂಡು ಬಂದ ದಿನ ಸರ್ ಮುಖ ಎತ್ತದೆ, "ಬಾಯಾರ, ಹೊಸಾ ಹಂಚು ಹೊದಿಸ್ಯಾರ ನೋಡ್ರಿ ಮ್ಯಾಲೆ" ಎಂದಿದ್ದರು. ನಾನು ಚಹಾ ಮೂಗಿಗೇರಿಸಿಕೊಂಡು ಕೆಮ್ಮಿದ್ದೆ. ನಮ್ಮ ಕನ್ನಡ ಅಲ್ಲಿ ಇಬ್ಬರೇ ಕೂರಬಹುದಾದ ಒಂದು ಕೋಣೆಯಾಗಿತ್ತು. ಆ ಕೋಣೆಯ ಒಳಗೇ ನಾನು ಅವರಿಗೆ ಏನು ಮಾಡಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ನೋಡಲು ಏನೂ ವಿಶೇಷವಿರಲಿಲ್ಲ. ತೆಳ್ಳಗೆ, ಸ್ವಲ್ಪ ಬಾಗಿದ ಹೆಗಲು, ಅಂಗಿಯ ಎಡ ತೋಳಿನ ತುಂಬ ಸೀಮೆಸುಣ್ಣ. ಮಧ್ಯಾಹ್ನ ಡಬ್ಬಿ ತೆರೆದರೆ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಏನಾದರೊಂದು ಪಲ್ಯ. ಒಂದು ರೊಟ್ಟಿಯನ್ನು ಕೇಳದೆಯೇ ನನ್ನ ಡಬ್ಬಿಯ ಮುಚ್ಚಳದ ಮೇಲೆ ಇಡುತ್ತಿದ್ದರು. ‘ಬೇಡ ಸರ್ರ’ ಎಂದರೆ, "ಮನ್ಯಾಗ ನಿಮ್ಮ ಲೆಕ್ಕ ಹಿಡದ ಬಡೀತಾರ, ತಿನ್ರಿ" ಎನ್ನುತ್ತಿದ್ದರು. ಅವರ ಹೆಂಡತಿಯನ್ನು ನಾನು ನೋಡಿರಲಿಲ್ಲ. ಏಳು ವರ್ಷ ಆಕೆ ಬಡಿದ ರೊಟ್ಟಿ ತಿಂದಿದ್ದೆ.

ದೋ ಡಂಡಾ ಎಂದರೆ ಎರಡು ಕೋಲು. ಮಕ್ಕಳು ಆ ಹೆಸರಿಟ್ಟಿದ್ದು ಅವರು ಹೊಡೆಯುತ್ತಿದ್ದರು ಎಂದಲ್ಲ. ಒಂಬತ್ತನೇ ತರಗತಿಯ ಬೀಜಗಣಿತದಲ್ಲಿ ವರ್ಗಮೂಲದ ಪಾಠ ಬರುತ್ತದಲ್ಲ, ಅಲ್ಲಿ x ವರ್ಗದ ವರ್ಗಮೂಲ ಎಷ್ಟು ಎಂದರೆ ಎಲ್ಲರೂ x ಎಂದು ಬರೆದು ಮುಂದೆ ಹೋಗುತ್ತಾರೆ. ಸರ್ ಹೋಗಗೊಡುತ್ತಿರಲಿಲ್ಲ. ಬೋರ್ಡಿನ ಮೇಲೆ √x² ಎಂದು ಬರೆದು, ತಿರುಗಿ ನಿಂತು, ಹೈದರಾಬಾದಿ ಹಿಂದಿಯಲ್ಲಿ ಕೇಳುತ್ತಿದ್ದರು: "x ಕು ದೇಖೇ ಕ್ಯಾ ತುಮೇ?" ನೋಡಿದ್ದೀರೇನು ನೀವು x ಅನ್ನು? ಮಕ್ಕಳು ನಗುತ್ತಿದ್ದರು, ‘ನೈ ಸಾರ್’. "ನೈ ದೇಖೇ ತೋ ಪ್ಲಸ್ ಹೈ ಬೋಲ್ಕೆ ಕೈಸಾ ಮಾಲೂಮ್?" ನೋಡೇ ಇಲ್ಲದ ಮೇಲೆ ಅದು ಧನ ಸಂಖ್ಯೆ ಎಂದು ಹೇಗೆ ಗೊತ್ತಾಯಿತು?

ಆಮೇಲೆ x ಇದ್ದಲ್ಲಿ ಋಣ ಮೂರು ಇಡುತ್ತಿದ್ದರು. ವರ್ಗ ಮಾಡಿದರೆ ಒಂಬತ್ತು. ಒಂಬತ್ತರ ವರ್ಗಮೂಲ ಮೂರು. ಒಳಗೆ ಹೋದದ್ದು ಋಣ ಮೂರು, ಹೊರಗೆ ಬಂದದ್ದು ಬರೀ ಮೂರು. ಉತ್ತರ x ಎಂದು ಬರೆದರೆ ಹೊರಗೆ ಬಂದದ್ದು ಋಣ ಮೂರು ಎಂದು ಸುಳ್ಳು ಹೇಳಿದ ಹಾಗೆ. ಆದ್ದರಿಂದ x ಯಾವುದೆಂದು ತಿಳಿಯದಿದ್ದಾಗ ಅದರ ಎರಡೂ ಪಕ್ಕಕ್ಕೆ ನೆಟ್ಟಗೆ ಒಂದೊಂದು ಗೆರೆ ಹಾಕಬೇಕು, |x| ಎಂದು. ಧನವೋ ಋಣವೋ ನನಗೆ ತಿಳಿಯದು, ಅಳತೆ ಮಾತ್ರ ಇಷ್ಟು ಎಂದು ಒಪ್ಪಿಕೊಂಡಂತೆ. ಇದನ್ನು ಹೇಳುವಾಗ ಎರಡೂ ಅಂಗೈಗಳನ್ನು ಮುಖದ ಎರಡು ಪಕ್ಕಕ್ಕೆ ನೆಟ್ಟಗೆ ಹಿಡಿಯುತ್ತಿದ್ದರು. ದೋ ಡಂಡಾ ಅಲ್ಲಿಂದ ಬಂತು. ಕಾರಿಡಾರಿನಲ್ಲಿ ಎದುರಾದ ಮಕ್ಕಳೂ ನಮಸ್ಕಾರದ ಬದಲು ಹಾಗೆ ಕೈ ಹಿಡಿಯುತ್ತಿದ್ದವು, ಅವರೂ ಹಿಡಿಯುತ್ತಿದ್ದರು. ನೋಡಲು ಹುಚ್ಚಾಟ.

ಎಲ್ಲೆಂದರಲ್ಲಿ ಗೆರೆ ಹಾಕಿದರೂ ಅವರಿಗೆ ಸಿಟ್ಟು ಬರುತ್ತಿತ್ತು. x⁴ ರ ವರ್ಗಮೂಲ x², ಅದು ಹೇಗೂ ಋಣವಾಗಲಾರದು, ಅಲ್ಲಿ ಗೆರೆ ಬೇಡ. √x³ ಬಂದರೆ x√x, ಅಲ್ಲಿಯೂ ಬೇಡ. x ಋಣವಾಗಿದ್ದರೆ ಆ ವರ್ಗಮೂಲವೇ ನಮ್ಮ ಲೆಕ್ಕದೊಳಗೆ ಬರುತ್ತಿರಲಿಲ್ಲ. ಅಂದರೆ ಪ್ರತಿ ಲೆಕ್ಕಕ್ಕೂ ನಿಂತು ಯೋಚಿಸಬೇಕು. ಯೋಚಿಸುವುದೇ ನಮ್ಮ ಶಾಲೆಗೆ ಆಗದ ಕೆಲಸ.

ನಾನು ಒಮ್ಮೆ ಊಟಕ್ಕೆ ಕೂತಾಗ ಜಗಳ ತೆಗೆದಿದ್ದೆ. "ಸರ್ರ, ಹದಿನಾಕು ವರ್ಷದ ಮಕ್ಕಳಿಗೆ ಯಾಕ ಇಷ್ಟು ತ್ರಾಸ ಕೊಡ್ತೀರಿ? ಪುಸ್ತಕದಾಗ ಬರೀ x ಅಂತನ ಐತಿ."

"ಪುಸ್ತಕದಾಗ ಮ್ಯಾಲೆ ಒಂದು ಸಾಲು ಐತಿ, ಓದೀರೇನು?" ಎಂದರು. "ಚರಾಕ್ಷರ ಎಲ್ಲಾ ಧನ ಅಂತ ತಿಳೀರಿ ಅಂತ. ಆ ಸಾಲು ಇದ್ರ ಗೆರಿ ಬ್ಯಾಡ. ಸಾಲು ಇಲ್ಲಂದ್ರ ಗೆರಿ ಬೇಕು. ನಾ ನಮ್ಮ ಹುಡುಗರಿಗೆ ಅಷ್ಟ ಹೇಳೂದು, ಲೆಕ್ಕಕ್ಕ ಕೈ ಹಚ್ಚೂಕ ಮೊದ್ಲು ಮ್ಯಾಲಿನ ಸಾಲು ನೋಡ್ರಿ ಅಂತ."

"ಯಾರ್ ನೋಡ್ತಾರ್ರೀ ಅದನ್ನ?"

"ನಮ್ಮ ಹುಡುಗರು ನೋಡ್ತಾವ್ರಿ" ಎಂದು ರೊಟ್ಟಿ ಮುರಿದರು. ಆ ಹೆಮ್ಮೆಯೇ ಆಮೇಲೆ ಅವರನ್ನು ನುಂಗಿತು.

ತರಗತಿಯ ಹೊರಗೂ ಅವರು ಹಾಗೆಯೇ ಇದ್ದರು, ಅದು ಜನಕ್ಕೆ ಕಿರಿಕಿರಿಯಾಗುತ್ತಿತ್ತು. ಇವತ್ತು ಬಸ್ಸು ಸಿಗುತ್ತದೇನು ಸಾರ್ ಎಂದರೆ ‘ಗೊತ್ತಿಲ್ಲ’. ಹೊಸ ಮ್ಯಾನೇಜ್‌ಮೆಂಟು ಒಳ್ಳೆಯದಂತೆ ಸಾರ್ ಎಂದರೆ ‘ಗೊತ್ತಿಲ್ಲ, ನೋಡೋಣ’. ಇಂಗ್ಲಿಷ್ ಕಲಿಸುವಾಕೆ ಮಗಳಿಗೆ ಗೊತ್ತಾದ ವರನ ಫೋಟೋ ತೋರಿಸಿ, ಹುಡುಗ ಒಳ್ಳೆಯವನಲ್ಲವಾ ಸಾರ್ ಎಂದು ಕೇಳಿದಾಗ, ‘ಫೋಟೋ ಚೆನ್ನಾಗಿದೆ, ಹುಡುಗನನ್ನು ನಾನು ನೋಡಿಲ್ಲ’ ಎಂದುಬಿಟ್ಟರು. ಆಕೆ ಒಂದು ತಿಂಗಳು ಮಾತು ಬಿಟ್ಟಳು. ವರ್ಷದ ಮೊದಲ ಸಭೆಯಲ್ಲಿ ಪ್ರಿನ್ಸಿಪಾಲರು ಒಬ್ಬೊಬ್ಬರನ್ನೇ ನಿಲ್ಲಿಸಿ, ಈ ವರ್ಷ ನಿಮ್ಮ ಸೆಕ್ಷನ್ನಿನಲ್ಲಿ ಎಷ್ಟು ಜನ ಪಾಸಾಗುತ್ತಾರೆ ಎಂದು ಕೇಳುವುದು ವಾಡಿಕೆ. ನಾವೆಲ್ಲ ನೂರಕ್ಕೆ ನೂರು ಎಂದು ಕೂರುತ್ತಿದ್ದೆವು. ಸರ್ ಎದ್ದು ನಿಂತು, ಪರೀಕ್ಷೆ ಆಗಲಿ ಹೇಳುತ್ತೇನೆ ಎನ್ನುತ್ತಿದ್ದರು. ಯಾವ ಆಡಳಿತಕ್ಕೆ ಇಂಥ ಮನುಷ್ಯ ಬೇಕಾಗುತ್ತಾನೆ?

ಇನ್ನು ಆ ಪರೀಕ್ಷೆಯ ವಿಷಯ. ನಮ್ಮ ಸಂಸ್ಥೆಯ ಎಲ್ಲ ಶಾಖೆಗಳಿಗೂ ಒಂದೇ ಪ್ರಶ್ನೆಪತ್ರಿಕೆ ಹೋಗುತ್ತಿತ್ತು. ಆ ವರ್ಷ ಒಂಬತ್ತನೇ ತರಗತಿಯ ಗಣಿತ ಪತ್ರಿಕೆಯನ್ನೂ ಅದರ ಉತ್ತರಪಟ್ಟಿಯನ್ನೂ ತಯಾರಿಸುವ ಕೆಲಸ ನನಗೆ ಬಂತು. ಅದು ಸುಮ್ಮನೆ ಬಂದದ್ದಲ್ಲ. ಮುಂದಿನ ವರ್ಷಕ್ಕೆ ಗಣಿತದ ಕೋಆರ್ಡಿನೇಟರ್ ಯಾರು ಎಂದು ಹೆಡ್ಡಾಫೀಸಿನವರು ಹುಡುಕುತ್ತಿದ್ದರು, ನನ್ನ ಹೆಸರು ಓಡಾಡುತ್ತಿತ್ತು. ನನಗೆ ಆ ಕುರ್ಚಿ ಬೇಕಾಗಿತ್ತು. ಮನೆಯಲ್ಲಿ ಕಷ್ಟವಿತ್ತು, ಗಂಡನಿಗೆ ಕೆಲಸವಿರಲಿಲ್ಲ ಎಂದೆಲ್ಲ ಬರೆದರೆ ಓದುವವರಿಗೆ ನನ್ನ ಮೇಲೆ ಕನಿಕರ ಬಂದೀತು. ಅಂಥದ್ದೇನೂ ಇರಲಿಲ್ಲ. ಬಾಗಿಲ ಮೇಲೆ ನನ್ನ ಹೆಸರಿನ ಫಲಕ ಇರಬೇಕು ಎಂಬ ಆಸೆ, ಅಷ್ಟೇ.

ಪತ್ರಿಕೆ ಒಂದೇ ಹಾಳೆ, ಹಿಂದೆ ಮುಂದೆ ಮಾತ್ರ ಇರಬೇಕು ಎಂದು ನಿಯಮ. ನಾನು ಎಲ್ಲ ಟೈಪು ಮಾಡಿ ಮುಗಿಸಿದಾಗ ಕೊನೆಯ ಪ್ರಶ್ನೆಯ ಒಂದು ಸಾಲು ಮೂರನೆಯ ಪುಟಕ್ಕೆ ಜಾರಿತ್ತು. ಅಕ್ಷರ ಚಿಕ್ಕದು ಮಾಡಿದೆ, ಅಂಚು ಕಡಿಮೆ ಮಾಡಿದೆ, ಆದರೂ ಒಂದು ಸಾಲು ಹೆಚ್ಚು. ಮೇಲಿನಿಂದ ಹುಡುಕಿಕೊಂಡು ಬಂದೆ. ‘ಖಾಲಿ ಬಿಟ್ಟ ಸ್ಥಳ ತುಂಬಿರಿ’ ಎಂಬ ಭಾಗದಲ್ಲಿ ವರ್ಗಮೂಲದ ಐದು ಲೆಕ್ಕಗಳಿದ್ದವು. ಅದರ ನೆತ್ತಿಯ ಮೇಲೆ ಒಂದು ಸಾಲು, ಎಲ್ಲ ಚರಾಕ್ಷರಗಳೂ ಧನ ಎಂದು ತಿಳಿಯಿರಿ. ಅಳಿಸಿದೆ. ಪತ್ರಿಕೆ ಎರಡು ಪುಟಕ್ಕೆ ಸರಿಯಾಗಿ ಕೂತಿತು. ನನಗೆ ಸಮಾಧಾನವಾದದ್ದು ಈಗಲೂ ನೆನಪಿದೆ. ಉತ್ತರಪಟ್ಟಿಯಲ್ಲಿ √(50x²) ಎದುರು 5x√2 ಎಂದೇ ಉಳಿಯಿತು. ಬಾಕಿ ನಾಲ್ಕೂ ಹಾಗೆಯೇ.

ಪರೀಕ್ಷೆ ಮುಗಿದ ಮಧ್ಯಾಹ್ನ ಸರ್ ಪ್ರಶ್ನೆಪತ್ರಿಕೆ ಹಿಡಿದು ನನ್ನ ಮೇಜಿನ ಹತ್ತಿರ ಬಂದರು. ಇಂಗ್ಲಿಷಿನಾಕೆ ಅಲ್ಲೇ ಇದ್ದಳು, ಅದಕ್ಕೆ ಕನ್ನಡದಲ್ಲೇ ಕೇಳಿದರು.

"ಬಾಯಾರ, ಮ್ಯಾಲಿನ ಸಾಲು ಎಲ್ಲಿ ಹೋತ್ರಿ?"

"ಜಾಗಾ ಸಾಲಲಿಲ್ಲ ಸರ್ರ. ಅದು ಇದ್ರೇನು ಬಿಟ್ರೇನು ಅಂತ ತಗದೆ."

"ಉತ್ತರ ಏನು ಕೊಟ್ಟೀರಿ?"

"ಬರೀ x."

ಅವರು ಹಾಳೆಯನ್ನು ಮೇಜಿನ ಮೇಲೆ ಇಟ್ಟರು. "ನಮ್ಮ ಹುಡುಗರು ನಲವತ್ತೂ ಮಂದಿ ಗೆರಿ ಹಾಕ್ಯಾವ್ರಿ. ಸಾಲು ಇಲ್ಲಂದ್ರ ಹಾಕ್ರಿ ಅಂತ ನಾನ ಹೇಳೀನಿ. ಪೇಪರ್ ತಿದ್ದಾವ್ರು ಇನ್ನ ಕೂತಿಲ್ಲ. ಹೆಡ್ಡಾಫೀಸಿಗೆ ಒಂದು ಮೇಲ್ ಹಾಕಿಬಿಡ್ರಿ, ಎರಡೂ ಉತ್ತರ ಸರಿ ಅಂತ ತಗೋರಿ ಅಂತ. ಅಷ್ಟಾದ್ರ ಮುಗೀತು."

"ಹಾಕ್ತೀನ್ರಿ" ಎಂದೆ.

ಹಾಕಲಿಲ್ಲ. ನಾಳೆ ಹಾಕುತ್ತೇನೆ ಎಂದುಕೊಂಡೆ. ನಾಡಿದ್ದು ಕೋಆರ್ಡಿನೇಟರ್ ಹುದ್ದೆಗೆ ಮಾತಾಡಿಸಲು ಕರೆದಿದ್ದರು. ಅದಕ್ಕೆ ಮೊದಲು ನನ್ನ ಪತ್ರಿಕೆಯಲ್ಲೇ ತಪ್ಪಿದೆ ಎಂದು ನಾನೇ ಬರೆದು ಕಳಿಸುವುದು ಹೇಗೆ? ಅದು ಆದ ಮೇಲೆ ಹಾಕಿದರಾಯಿತು. ಆದ ಮೇಲೆ ತಡವಾಗಿತ್ತು, ತಿದ್ದುವವರು ಉತ್ತರಪಟ್ಟಿ ಪಕ್ಕಕ್ಕಿಟ್ಟುಕೊಂಡು ಕೂತಿದ್ದರು. ಗೆರೆ ಕಂಡಲ್ಲೆಲ್ಲ ಸೊನ್ನೆ.

ಫಲಿತಾಂಶ ಬಂದಾಗ ಎಲ್ಲ ಶಾಖೆಗಳಲ್ಲೂ ಅತಿ ಕಡಿಮೆ ಸರಾಸರಿ ಸರ್ ಅವರ ಸೆಕ್ಷನ್ನಿನದು. ನಲವತ್ತು ಮಕ್ಕಳು, ತಲೆಗೆ ಐದೈದು ಅಂಕ ಹೋಗಿತ್ತು. ಪಕ್ಕದ ಸೆಕ್ಷನ್ನಿನಲ್ಲಿ ಏನೂ ಯೋಚಿಸದೆ x ಎಂದು ಗೀಚಿದವರಿಗೆಲ್ಲ ಪೂರ್ತಿ ಅಂಕ, ಅದು ನನ್ನ ಸೆಕ್ಷನ್ನು. ಅಪಾರ್ಟ್‌ಮೆಂಟುಗಳಿಂದ ತಂದೆತಾಯಿಗಳು ಧಾವಿಸಿದರು. ಮೇಷ್ಟರು ಸಿಲಬಸ್ಸಿನಲ್ಲಿಲ್ಲದ ಏನೋ ಕೋಲುಗಳನ್ನು ಕಲಿಸಿ ಮಕ್ಕಳ ತಲೆ ಕೆಡಿಸಿದ್ದಾರೆ ಎಂದು ಗಲಾಟೆ. ಟಿ.ಸಿ. ಕೇಳಿದ ತಾಯಿ ಬಂದದ್ದು ಆಗಲೇ.

ಸರ್ ಅನ್ನು ಕರೆಸಿದರು. ಪತ್ರಿಕೆ ಮಾಡಿದವಳೆಂದು ನನ್ನನ್ನೂ ಕರೆದರು. ಪ್ರಿನ್ಸಿಪಾಲರ ಕೋಣೆ, ಹೆಡ್ಡಾಫೀಸಿನಿಂದ ಬಂದ ಒಬ್ಬ ಅಧಿಕಾರಿ, ಎದುರಿನ ಎರಡು ಕುರ್ಚಿಗಳಲ್ಲಿ ನಾವು. ಮಾತೆಲ್ಲ ಹಿಂದಿಯಲ್ಲಿ. ಅಧಿಕಾರಿ ಸರಾಸರಿಯ ಪಟ್ಟಿ ತೋರಿಸಿ, ಬಾಕಿ ಸೆಕ್ಷನ್ನುಗಳಿಗೆಲ್ಲ ಬಂದ ಉತ್ತರ ನಿಮ್ಮ ಸೆಕ್ಷನ್ನಿಗೆ ಮಾತ್ರ ಯಾಕೆ ಬರಲಿಲ್ಲ ಎಂದು ಕೇಳಿದ.

ಸರ್ ಅವನಿಗೆ ಉತ್ತರ ಕೊಡಲಿಲ್ಲ. ನನ್ನ ಕಡೆ ತಿರುಗಿದರು. ಕನ್ನಡದಲ್ಲಿ, ಮೆಲ್ಲಗೆ, ಊಟಕ್ಕೆ ಕೂತಾಗ ಮಾತಾಡುವ ದನಿಯಲ್ಲೇ ಹೇಳಿದರು: "ಬಾಯಾರ, ನೀವ ಹೇಳ್ರಿ. ಆ ಸಾಲು ತಗದಾವ್ರು ನೀವು. ನಾ ಹೇಳಿದ್ರ ಚಾಡಿ ಹೇಳಿದಂಗ ಆಕ್ಕೈತಿ, ನೀವು ಹೇಳಿದ್ರ ಒಂದು ಮಾತಿನ್ಯಾಗ ಮುಗೀತೈತಿ."

ಅಧಿಕಾರಿ ನನ್ನನ್ನು ಕೇಳಿದ, "ಕ್ಯಾ ಬೋಲ್ ರಹೇ ಹೈಂ?" ಏನು ಹೇಳುತ್ತಿದ್ದಾರೆ ಇವರು?

ನಾನು ಹೇಳಿದೆ, "ಗಲ್ತಿ ಹೋ ಗಯೀ ಬೋಲ್ ರಹೇ ಹೈಂ." ತಪ್ಪಾಗಿದೆ ಎನ್ನುತ್ತಿದ್ದಾರೆ. ಅಷ್ಟಕ್ಕೆ ಬಿಟ್ಟಿದ್ದರೆ ಎರಡು ಅರ್ಥವಾದರೂ ಬರುತ್ತಿತ್ತು. ಬಿಡಲಿಲ್ಲ. ಇನ್ನು ಮುಂದೆ ತಾವು ಹೀಗೆ ಕಲಿಸುವುದಿಲ್ಲ ಎನ್ನುತ್ತಿದ್ದಾರೆ ಎಂದೂ ಸೇರಿಸಿದೆ.

ಸರ್‌ಗೆ ಹಿಂದಿ ಬರುತ್ತಿರಲಿಲ್ಲವೇ? ಇಡೀ ದಿನ ಹಿಂದಿಯಲ್ಲೇ ಪಾಠ ಮಾಡುತ್ತಿದ್ದ ಮನುಷ್ಯ. ನಾನು ಹೇಳಿದ್ದು ಅಕ್ಷರ ಅಕ್ಷರವಾಗಿ ಕೇಳಿಸಿತು ಅವರಿಗೆ. ಎರಡೂ ಕೈ ತೊಡೆಯ ಮೇಲಿಂದ ಸ್ವಲ್ಪ ಎದ್ದವು, ಬೋರ್ಡಿನ ಮುಂದೆ ಏಳುವಂತೆ. ಮತ್ತೆ ತೊಡೆಯ ಮೇಲೆಯೇ ಇಳಿದವು. ನನ್ನನ್ನೇ ನೋಡಿದರು. ನಾನು ಮೇಜಿನ ಮೇಲಿದ್ದ ಪೇಪರ್‌ವೇಟ್ ನೋಡುತ್ತ ಕೂತೆ. ಅಧಿಕಾರಿ ‘ಠೀಕ್ ಹೈ’ ಎಂದು ಏನೋ ಬರೆದುಕೊಂಡ. ಮುಗಿಯಿತು, ಅವರು ಹೇಳಿದ ಹಾಗೆ ಒಂದು ಮಾತಿನಲ್ಲೇ.

ಅವರು ಯಾಕೆ ಬಾಯಿ ಬಿಡಲಿಲ್ಲ? ಇದನ್ನು ಎಷ್ಟು ವರ್ಷ ಕೇಳಿಕೊಂಡಿದ್ದೇನೋ. ಹೆಣ್ಣುಮಗಳನ್ನು ಪರರ ಎದುರು ಸುಳ್ಳಿ ಎನ್ನಬಾರದು ಎಂದಿರಬಹುದು. ಇನ್ನೊಂದು ಕ್ಷಣ ಬಿಟ್ಟರೆ ಇವಳೇ ಹೇಳುತ್ತಾಳೆ ಎಂದು ಕಾದಿರಬಹುದು. ಸೊಕ್ಕೂ ಇರಬಹುದು. ಕೆಲವೊಮ್ಮೆ ನನಗೆ ಅವರ ಮೇಲೇ ಸಿಟ್ಟು ಬರುತ್ತದೆ. ಅಲ್ಲೇ ಎದ್ದು ನಿಂತು ಇವಳು ಸುಳ್ಳು ಹೇಳುತ್ತಿದ್ದಾಳೆ ಎಂದಿದ್ದರೆ ನನ್ನ ಮಾನ ಹೋಗುತ್ತಿತ್ತು, ಆದರೆ ಅಲ್ಲಿಗೆ ತೀರುತ್ತಿತ್ತು. ಸುಮ್ಮನಿದ್ದು ನನ್ನನ್ನು ಜೀವಮಾನವಿಡೀ ಸಿಕ್ಕಿಸಿ ಹೋದರು. ನೋಡಿ, ಈಗಲೂ ತಪ್ಪನ್ನು ಅವರ ತಲೆಗೇ ಕಟ್ಟುತ್ತಿದ್ದೇನೆ.

ವರ್ಷದ ಕೊನೆಗೆ ಅವರನ್ನು ಮುಂದುವರಿಸಲಿಲ್ಲ. ಕೊನೆಯ ದಿನ ಸ್ಟಾಫ್ ರೂಮಿಗೆ ಬಂದು ಕಪಾಟಿನಿಂದ ಪುಸ್ತಕ, ಡಬ್ಬಿ, ಛತ್ರಿ ತೆಗೆದುಕೊಂಡರು. ನನ್ನ ಮೇಜಿನ ಹತ್ತಿರ ನಿಂತು, "ಬರ್ತೀನ್ರಿ ಬಾಯಾರ. ಇನ್ನ ಮ್ಯಾಲೆ ಆ ಸಾಲು ಬಿಡಬ್ಯಾಡ್ರಿ" ಎಂದರು. ಕುಹಕವಿಲ್ಲ, ಕೋಪವಿಲ್ಲ, ಗಣಿತದ ಮಾತು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ನಾನು ಕೋಆರ್ಡಿನೇಟರ್ ಆದೆ. ಬಾಗಿಲ ಮೇಲೆ ಫಲಕವೂ ಬಂತು. ಅಂದಿನಿಂದ ನನ್ನ ಕೈಯಿಂದ ಹೋದ ಒಂದು ಪತ್ರಿಕೆಯಲ್ಲೂ ಆ ಸಾಲು ತಪ್ಪಿಲ್ಲ, ದಪ್ಪ ಅಕ್ಷರದಲ್ಲಿ ಹಾಕಿಸುತ್ತೇನೆ. ಅದನ್ನು ನೋಡುವ ಮಕ್ಕಳೇ ಈಗಿಲ್ಲ.

ಅವರನ್ನು ಮತ್ತೆ ಕಂಡದ್ದು ಒಂದೇ ಸಲ, ನಾಲ್ಕೈದು ವರ್ಷಗಳ ನಂತರ, ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ. ಆ ಕಡೆ ಇದ್ದ ತಂಗಿಯ ಮನೆಗೆ ಬಂದವರು ಸಿಕಂದರಾಬಾದಿನ ಲೋಕಲ್ ರೈಲಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದರು. ತಪ್ಪಿಸಿಕೊಂಡು ಹೋಗೋಣ ಎನ್ನುವಷ್ಟರಲ್ಲಿ ಅವರೇ ಕರೆದರು.

"ಕೋಆರ್ಡಿನೇಟರ್ ಆದ್ರಂತ. ಚಲೋ ಆತು ಬಿಡ್ರಿ."

"ನೀವು ಎಲ್ಲದೀರಿ ಸರ್ರ ಈಗ?"

"ನಮ್ಮ ಕುಷಾಯಿಗೂಡದಾಗ ಒಂದು ಟ್ಯುಟೋರಿಯಲ್ ಐತ್ರಿ. ಸಾಲಿಯವ್ರು ಯಾರೂ ತಗೊಳ್ಳಿಲ್ಲ, ಫೋನ್ ಮಾಡಿ ಕೇಳ್ತಾರಲ್ರಿ ಹಳೇ ಸಾಲಿಗೆ. ಆರನೇ ಕ್ಲಾಸಿನ ಹುಡುಗರಿಗೆ ಭಿನ್ನರಾಶಿ ಹೇಳಾಕತ್ತೀನಿ." ಸ್ವಲ್ಪ ಹೊತ್ತು ಹಳಿಯ ಕಡೆ ನೋಡಿದರು. "ಅಲ್ಲಿ x ಇಲ್ಲ. ಆರಾಮ ಐತಿ."

ತಪ್ಪಾಯಿತು ಸರ್ರ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ರೈಲು ಬಂತು. ಅವರು ಎದ್ದು, ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು, "ಊಟ ಆತೇನ್ರಿ?" ಎಂದು ಕೇಳಿ ಹತ್ತಿದರು. ಆತು ಎಂದೆ.

ಈಗ ಸತ್ತರು. ದಿನಗಳ ಕಾರ್ಯ ಎಲ್ಲ ಮುಗಿದ ಮೇಲೆ ಒಂದು ಭಾನುವಾರ ವಿಳಾಸ ಹುಡುಕಿಕೊಂಡು ಅವರ ಮನೆಗೆ ಹೋದೆ. ಎರಡನೇ ಮಹಡಿ, ಮಗನ ಫ್ಲಾಟು. ಸರ್ ಅವರ ಹೆಂಡತಿ ಮುಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಅವರ ಮುಖ ಅರಳಿತು. "ಕನ್ನಡದ ಬಾಯಾರೇನ್ರಿ? ನಿಮಗ ಅಂತನ ದಿನಾ ಒಂದು ರೊಟ್ಟಿ ಜಾಸ್ತಿ ಬಡೀತಿದ್ನಿ."

ತೆಲುಗಿನ ಸೊಸೆ ನೀರು ತಂದಿಟ್ಟು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. ಅವಳಿಗೆ ಕನ್ನಡ ಬಾರದು. ಅತ್ತೆ ಸೊಸೆಯರ ಮಾತು ತೆಲುಗಿನಲ್ಲೇ.

ಕಾಯಿಲೆ, ಆಸ್ಪತ್ರೆ ಎಲ್ಲ ಹೇಳಿದ ಮೇಲೆ ಹೆಂಡತಿ ತಾವಾಗಿಯೇ ಆ ಮಾತಿಗೆ ಬಂದರು. "ಬಾಯಾರ, ನಿಮ್ಮನ್ನ ಒಂದು ಕೇಳ್ಲ್ಯಾ? ಹುಡುಗರಿಗೆ ತಪ್ಪು ಕಲಿಸ್ಯಾರಂತ ಸಾಲ್ಯಾಗಿಂದ ತಗದ್ರು ಅಂತ ಮಂದಿ ಅಂದ್ರು. ನಾ ಇವರನ್ನ ಕೇಳಿದೆ. ತಪ್ಪು ಆಗೈತಿ ಅಂದ್ರು. ಯಾರದು ಅಂತ ಹೇಳ್ಲಿಲ್ಲ. ಇವರದ ಇರಬೇಕು ಅಂತ ನಾನೂ ತಿಳಕೊಂಡೆ." ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು. "ಒಮ್ಮೆ ಸಿಟ್ಟಿನ್ಯಾಗ ಅಂದಬಿಟ್ಟೆ, ನಿಮಗ ಲೆಕ್ಕನ ಬರೂದಿಲ್ಲ ಅಂತ. ನಮ್ಮ ಸೊಸೀನೂ ಮೊಮ್ಮಗಳನ್ನ ಹೊರಗ ಟ್ಯೂಷನ್ನಿಗೆ ಹಚ್ಚಿದ್ಲು, ತಾತನ ಹತ್ರ ಬ್ಯಾಡ, ತಪ್ಪು ಹೇಳಿಕೊಡ್ತಾನ ಅಂತ. ಇವರು ಏನೂ ಅನ್ಲಿಲ್ರಿ. ಆ ಕೂಸಿನ ಪುಸ್ತಕ ಮುಟ್ಟಲಿಲ್ಲ ಆಮ್ಯಾಲೆ. ನೀವ ಹೇಳ್ರಿ, ಅಷ್ಟು ಏನ್ ತಪ್ಪು ಮಾಡಿದ್ರು ಅವರು?"

ನೀವ ಹೇಳ್ರಿ. ಅದೇ ಮಾತು, ಹೆಚ್ಚುಕಡಿಮೆ ಅದೇ ದನಿ.

ಹೇಳಿದೆ. ಸಾಲು ಅಳಿಸಿದ್ದು, ಮೇಲ್ ಹಾಕದಿದ್ದದ್ದು, ಪ್ರಿನ್ಸಿಪಾಲರ ಕೋಣೆಯಲ್ಲಿ ಅವರ ಕನ್ನಡವನ್ನು ನಾನು ಹಿಂದಿಯಲ್ಲಿ ಏನು ಮಾಡಿ ಹೇಳಿದೆ ಎಂಬುದು, ಒಂದನ್ನೂ ಮುಚ್ಚಿಡಲಿಲ್ಲ. ಅವರ ಲೆಕ್ಕ ಸರಿ ಇತ್ತು, ನನ್ನದು ತಪ್ಪಿತ್ತು ಎಂದೆ. ಅಳು ಬಂತು. ಅಳುವುದಕ್ಕೂ ನಾಚಿಕೆಯಾಯಿತು. ಇಷ್ಟನ್ನೂ ಕನ್ನಡದಲ್ಲೇ ಹೇಳಿದೆ. ಬಾಗಿಲ ಪಕ್ಕದಲ್ಲಿ ಕೂತವಳಿಗೆ ಅರ್ಥವಾಗುವುದಿಲ್ಲ ಎಂಬುದು ನನಗೆ ಪೂರ್ತಿ ಗೊತ್ತಿತ್ತು.

ಹೆಂಡತಿ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿಕೊಂಡರು. ಕೊನೆಗೆ ಇಷ್ಟೇ ಅಂದರು: "ಇದನ್ನ ಅವರು ಇದ್ದಾಗ ಹೇಳಬೇಕಿತ್ರಿ ಬಾಯಾರ. ನಾ ಅವರಿಗೆ ಅಂಥಾ ಮಾತು ಅನ್ನತಿರಲಿಲ್ಲ."

ನನ್ನ ಅಳು ನೋಡಿ ಸೊಸೆ ಗಾಬರಿಯಾಗಿದ್ದಳು. "ಏಮಂಟುನ್ನಾರು ಅತ್ತಯ್ಯಾ?" ಎಂದು ಕೇಳಿದಳು. ಏನು ಹೇಳುತ್ತಿದ್ದಾರೆ ಅತ್ತೆ?

ಅವರು ಸೊಸೆಗೆ ಉತ್ತರ ಕೊಡಲಿಲ್ಲ. ನನ್ನ ಕಡೆ ತಿರುಗಿ, ನನ್ನ ಮುಖವನ್ನೇ ನೋಡುತ್ತ ಕಾದರು. ನಾನು ಹೈದರಾಬಾದಿನಲ್ಲಿ ಹುಟ್ಟಿ ಬೆಳೆದವಳು, ತೆಲುಗು ನನಗೆ ನೀರು ಕುಡಿದಷ್ಟು ಸುಲಭ. ಮಾವನ ಲೆಕ್ಕ ಸರಿಯಿತ್ತಮ್ಮ, ತಪ್ಪು ನನ್ನದು ಎನ್ನಲು ಎಷ್ಟು ಹೊತ್ತು ಬೇಕು? ನಾನು ಮುಂದಿದ್ದ ನೀರಿನ ಲೋಟ ನೋಡುತ್ತ ಕೂತೆ.

ಅವರು ಕಾದು ಸಾಕಾಗಿ ಸೊಸೆಯ ಕಡೆ ತಿರುಗಿದರು. "ಏಂ ಲೇದಮ್ಮಾ. ಮಾವಯ್ಯ ಚಾಲಾ ಮಂಚಿ ಮಾಸ್ಟಾರು ಅಂಟುನ್ನಾರು" ಎಂದರು. ಏನಿಲ್ಲಮ್ಮ, ಮಾವ ಬಹಳ ಒಳ್ಳೆಯ ಮೇಷ್ಟರು ಎನ್ನುತ್ತಿದ್ದಾರೆ.

"ಅವುನಾ ಮೇಡಂ?" ಎಂದಳು ಸೊಸೆ, ಹೌದಾ ಎಂದು. ಅವಳ ದನಿಯಲ್ಲಿ ನಂಬಿಕೆ ಇರಲಿಲ್ಲ.

‘ಅವುನಮ್ಮಾ’ ಎಂದೆ. ಅಷ್ಟೇ ಹೇಳಿದೆ.